ಏನೂ ಆಗದ ಹಾಗೆ ನೋಡಿಕೊಳ್ಳುವವರು

ನಮ್ಮವರು ಟೀವಿ ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಾರೆ ಅಂದ ತಕ್ಷಣ ಕೇಳಿದವರ ಮುಖ ಅರಳುತ್ತದೆ. "ಹೌದಾ! ಯಾವ ಪ್ರೋಗ್ರಾಮಿನಲ್ಲಿ ಬರ್ತಾರೆ?" ಅಂತಾರೆ. ಬರಲ್ಲ ಅಂದರೆ, "ಕ್ಯಾಮೆರಾ ಹಿಡೀತಾರಾ?" ಅಂತಾರೆ. ಅದೂ ಇಲ್ಲ ಅಂದರೆ, "ಮತ್ತೆ?" ಅಂತಾರೆ. ಈ 'ಮತ್ತೆ'ಗೆ ಏನು ಉತ್ತರ ಕೊಡಬೇಕು ಅಂತ ಮದುವೆಯಾದಾಗಿನಿಂದ ನಾನು ಪೇಚಾಡುತ್ತಿದ್ದೇನೆ. ನಮ್ಮಪ್ಪನಿಗಂತೂ ಇದೇ ಒಂದು ಕೊರಗು. ನನ್ನ ಅಕ್ಕನ ಗಂಡ ಬಸ್ ಓಡಿಸುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ಕಿರಿಯ ಅಳಿಯನದು ಕಾಣುವುದೇ ಇಲ್ಲವಲ್ಲ!

ಒಂದು ಸಲ ಇವರೇ ಕೂತು ಅಪ್ಪನಿಗೆ ಬಿಡಿಸಿ ಹೇಳಿದರು. ಸ್ಟುಡಿಯೋದ ಚಿತ್ರ ಮೇಲೆ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಮನೆಮನೆಗೆ ಇಳಿಯಬೇಕು. ಹಾಗೆ ಮೇಲಕ್ಕೆ ಕಳಿಸುವುದಕ್ಕೆ ಒಂದು ಯಂತ್ರ ಇರುತ್ತದೆ. ಅದು ಯಾವಾಗ ಕೈಕೊಡುತ್ತದೋ ಯಾರು ಬಲ್ಲರು? ಅದಕ್ಕೇ ಪಕ್ಕದಲ್ಲಿ ಥೇಟ್ ಅಂಥದ್ದೇ ಇನ್ನೊಂದು ಸದಾ ಚಾಲೂ ಆಗಿ ಕಾದಿರುತ್ತದೆ. ಮೊದಲನೆಯದು ಮೇನ್, ಎರಡನೆಯದು ಸ್ಟ್ಯಾಂಡ್‌ಬೈ. ಇವೆರಡರ ಮಧ್ಯೆ ಚೇಂಜ್‌ಓವರ್ ಅಂತ ಒಂದು ಪೆಟ್ಟಿಗೆ. ಮೇನ್ ಕೆಟ್ಟ ಗಳಿಗೆಯಲ್ಲೇ ಪೆಟ್ಟಿಗೆ ಟಕ್ ಅಂತ ಸ್ಟ್ಯಾಂಡ್‌ಬೈಗೆ ಹೊರಳಿಕೊಳ್ಳುತ್ತದೆ, ಮನೆಯಲ್ಲಿ ಕೂತು ನೋಡುವವರಿಗೆ ಏನೇನೂ ಗೊತ್ತಾಗುವುದಿಲ್ಲ. ಈ ಯಂತ್ರಗಳೆಲ್ಲ ರ‍್ಯಾಕ್ ಅನ್ನುವ, ಬೀರುವಿನಂಥ ಒಂದು ಚೌಕಟ್ಟಿನಲ್ಲಿವೆ. ಪ್ರಸಾರ ನಡೆಯುತ್ತಿರುವಾಗಲೇ ಮೇಜಿನ ಡ್ರಾಯರ್ ಎಳೆದ ಹಾಗೆ ಒಂದನ್ನು ಎಳೆದು ಇನ್ನೊಂದನ್ನು ತುರುಕಬಹುದು. ಆ ಬೀರು ನಮ್ಮವರ ಸುಪರ್ದಿನಲ್ಲಿದೆ.

ಅಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರೆ, ಕೆಟ್ಟಾಗ ನೀವು ಬದಲಾಯಿಸ್ತೀರಿ" ಅಂದರು.

"ಇಲ್ಲ ಮಾವ, ಅದೇ ಬದಲಾಯಿಸ್ಕೊಳ್ಳುತ್ತೆ."

"ಆಮೇಲೆ ಕೆಟ್ಟಿದ್ದನ್ನ ನೀವು ರಿಪೇರಿ ಮಾಡ್ತೀರಿ."

"ಅದಕ್ಕೆ ಕಂಪನಿಯವರು ಬರ್ತಾರೆ."

"ಹಾಗಾದ್ರೆ ನೀವು?"

"ನಾನು ಏನೂ ಆಗದ ಹಾಗೆ ನೋಡ್ಕೋತೀನಿ."

ಅಪ್ಪ ನನ್ನ ಕಡೆ ತಿರುಗಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವ ಹಾಗೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮಾಡುವ ಕೆಲಸ ನನಗೆ ಗೊತ್ತು. ಫ್ಯಾನಿನ ಸದ್ದು ಒಂದಿಷ್ಟು ಹೆಚ್ಚುಕಡಿಮೆಯಾದರೂ ಇವರ ಕಿವಿ ನೆಟ್ಟಗಾಗುತ್ತದೆ. ಯಾವ ತಂತಿ ಯಾವಾಗ ಸಡಿಲವಾಗುತ್ತದೆ ಅಂತ ಮುಂಚೆಯೇ ಮುಟ್ಟಿ ನೋಡಿ ಬಿಗಿ ಮಾಡುತ್ತಾರೆ. ಮನೆಯಲ್ಲಿ ಮಾತ್ರ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಪ್ರಾಣಿ, ಅದು ಬೇರೆ ವಿಷಯ.

ಹೀಗಿರುವಾಗ ಸ್ಟೇಷನ್ನಿಗೆ ಹೊಸ ಸಾಹೇಬರು ಬಂದರು. ಅವರಿಗೆ ಒಂದು ಚಾಳಿ, ಕೋಣೆಕೋಣೆಗೆ ನುಗ್ಗಿ, "ನೀವಿಲ್ಲಿ ಏನ್ಮಾಡ್ತೀರಿ?" ಅಂತ ಕೇಳುವುದು. ನಮ್ಮವರನ್ನೂ ಕೇಳಿದರು. ಇವರು ಎದೆಯುಬ್ಬಿಸಿಕೊಂಡು, "ನಾನು ಬಂದ ಮೇಲೆ ಜನಕ್ಕೆ ಗೊತ್ತಾಗೋ ಹಾಗೆ ಒಂದು ಸಲವೂ ಪ್ರಸಾರ ನಿಂತಿಲ್ಲ ಸಾರ್" ಅಂದರು. ಬಹುಮಾನ ಬರುತ್ತದೆ ಅಂದುಕೊಂಡಿದ್ದರೋ ಏನೋ.

ಸಾಹೇಬರು, "ಅದು ತಾನಾಗೇ ಬದಲಾಯಿಸ್ಕೊಳ್ಳುತ್ತೆ, ಕೆಡೋದೂ ಇಲ್ಲ. ಮತ್ತೆ ಇಲ್ಲಿ ಮನುಷ್ಯ ಯಾಕೆ?" ಅಂದರು.

ಸಂಜೆ ಇವರು ಮುಖ ಇಷ್ಟಗಲ ಮಾಡಿಕೊಂಡು ಬರುವವರು ಇಷ್ಟೇ ಇಷ್ಟು ಮಾಡಿಕೊಂಡು ಬಂದರು. ಈ ಹುದ್ದೆಯನ್ನೇ ತೆಗೆದುಹಾಕಿ ಇವರನ್ನು ಊರಾಚೆಯ ಗೋದಾಮಿಗೆ ಕಳಿಸುತ್ತಾರಂತೆ. ಅಲ್ಲಿ ಮುರಿದ ಕುರ್ಚಿ, ಹಳೆ ತಂತಿಯ ಸುರುಳಿ ಬಿಟ್ಟರೆ ಬೇರೇನಿಲ್ಲ. "ಆ ರ‍್ಯಾಕನ್ನ ಬಿಟ್ಟು ನಾನೆಲ್ಲಿ ಹೋಗ್ಲಿ ಕಣೇ" ಅಂತ ತಲೆ ಮೇಲೆ ಕೈ ಹೊತ್ತು ಕೂತರು.

ಆದರೆ ಇವರು ಸುಮ್ಮನೆ ಬಂದಿರಲಿಲ್ಲ, ಒಂದು ಸವಾಲು ಹಾಕಿಯೇ ಬಂದಿದ್ದರು. "ಸಾರ್, ಒಂದು ಅವಕಾಶ ಕೊಡಿ. ಪ್ರಸಾರ ನಡೀತಿರುವಾಗ ತಾವೇ ತಮ್ಮ ಕೈಯಾರೆ ಮೇನ್ ಎಳೆದುಬಿಡಿ. ಚಿತ್ರ ಒಂಚೂರು ಅಲುಗಿದ್ರೆ ನಾನೇ ಗೋದಾಮಿಗೆ ಹೋಗ್ತೀನಿ" ಅಂದಿದ್ದರು. ಸಾಹೇಬರು ಒಪ್ಪಿ, ಬುಧವಾರ ಸಂಜೆ, ಎಲ್ಲರೂ ನೋಡುವ ಧಾರಾವಾಹಿ ನಡೆಯುವಾಗ ಆಗಲಿ ಅಂದರು.

ಇಲ್ಲಿಯವರೆಗೆ ವಿಷಯ ಸರಿಯಾಗೇ ಇತ್ತು. ಕೆಟ್ಟಿದ್ದು ಶರ್ಟಿನಿಂದ. ಸಾಹೇಬರು ಬರುವ ದಿನ ಹಳೆಯದು ಹಾಕಿಕೊಂಡರೆ ಚೆನ್ನಾಗಿರುವುದಿಲ್ಲ ಅಂತ ಇವರು ಎದುರುಮನೆ ಟೈಲರ್ ಹತ್ತಿರ ಹೊಸ ಶರ್ಟ್ ಹೊಲಿಯಲು ಕೊಟ್ಟರು. ಟೈಲರ್ ಅಳತೆ ತೆಗೆಯುತ್ತಾ, "ಏನ್ ಸಾರ್ ವಿಶೇಷ? ಟೀವಿಯಲ್ಲಿ ಬರ್ತಿದ್ದೀರಾ?" ಅಂತ ಕೇಳಿದ. ಇಲ್ಲಪ್ಪ ಅಂತ ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಜನ್ಮದಲ್ಲಿ ಮೊದಲ ಸಲ ಯಾರೋ ಇವರನ್ನು ಅಷ್ಟು ಆಸೆಯಿಂದ ಕೇಳಿದ್ದು! ಇವರು ಗಂಟಲು ಸರಿಮಾಡಿಕೊಂಡು, "ಬುಧವಾರ ಸಂಜೆ ಧಾರಾವಾಹಿ ನೋಡಿ. ನನ್ನ ಕೆಲಸ ಏನು ಅಂತ ಗೊತ್ತಾಗುತ್ತೆ" ಅಂದುಬಿಟ್ಟರು.

ಟೈಲರ್ ಟೇಪು ಕೆಳಗಿಟ್ಟು ಬೀದಿಗೆ ಓಡಿದ. ಮರುದಿನ ತರಕಾರಿ ತರಲು ಹೋದರೆ ಅಂಗಡಿಯವನು, "ಅಕ್ಕಾವ್ರೇ, ಸಾಹೇಬ್ರು ಧಾರಾವಾಹಿಯಲ್ಲಿ ಬರ್ತಾರಂತೆ, ಹೀರೋಯಿನ್ನಿನ ತಂದೆ ಪಾತ್ರವಂತೆ?" ಅಂದ. ಮೇಲಿನ ಮನೆಯ ಟೀಚರಮ್ಮ ಬಂದು, "ತಂದೆ ಅಲ್ಲ ಕಣ್ರೀ, ವಕೀಲರ ಪಾತ್ರ ಅಂತ ಕೇಳಿದೆ. ಕೇಸು ಗೆಲ್ಲಿಸ್ತಾರಾ?" ಅಂತ ನನ್ನ ಬಾಯಿ ಬಿಡಿಸಲು ನೋಡಿದರು. ಅಕ್ಕ ಫೋನ್ ಮಾಡಿ, "ಸ್ವಂತ ಅಕ್ಕಂಗೆ ಹೇಳ್ಬೇಕು ಅನ್ನಿಸ್ಲಿಲ್ವೇನೇ ನಿಂಗೆ?" ಅಂತ ಅತ್ತೇಬಿಟ್ಟಳು. ಹಾಗೇನೂ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಗುಟ್ಟು ಬಿಡಬಾರದು ಅಂತ ಹೇಳಿರ್ತಾರೆ ಬಿಡಿ" ಅಂತ ಕಣ್ಣು ಹೊಡೆದರು.

ಮಂಗಳವಾರ ಊಟಕ್ಕೆ ಕೂತಾಗ ನನಗೆ ತಟ್ಟನೆ ಒಂದು ಹೊಳೆಯಿತು.

"ರೀ, ನಾಳೆ ಯಂತ್ರ ಸರಿಯಾಗಿ ಹೊರಳಿದ್ರೆ ಏನಾಗುತ್ತೆ?"

"ಚಿತ್ರ ಅಲುಗಲ್ಲ. ನಾನು ಗೆದ್ದೆ."

"ಅಲ್ಲಾ, ಆಗ ಸಾಹೇಬರು, ನೋಡಿ ಯಂತ್ರ ತಾನೇ ಎಲ್ಲ ಮಾಡ್ಕೊಳ್ಳುತ್ತೆ, ಈ ಮನುಷ್ಯ ಬೇಡ ಅನ್ನಲ್ವಾ?"

ಇವರ ಕೈ ತಟ್ಟೆಯಲ್ಲೇ ನಿಂತಿತು.

"ಹೊರಳದೇ ಹೋದ್ರೆ, ಈ ಮನುಷ್ಯ ಕೆಲಸಕ್ಕೇ ಬರಲ್ಲ ಅಂತಾರೆ" ಅಂದೆ.

"ಹೌದಲ್ವೇ!" ಅಂದರು. ಇಷ್ಟು ದೊಡ್ಡ ಎಡವಟ್ಟನ್ನು ತಾವೇ ಕಟ್ಟಿಕೊಂಡಿದ್ದೇವೆ ಅಂತ ಆ ಮಹಾನುಭಾವರಿಗೆ ಆಗ ಗೊತ್ತಾಯಿತು. ಕೈ ತೊಳೆದು ಬಂದು, "ಆದ್ರೂ ಹೊರಳಲೇಬೇಕು ಕಣೇ. ಹೊರಳದೇ ಇರೋ ಹಾಗೆ ನಾನು ಹೇಗೆ ಇಡಲಿ?" ಅಂದರು.

ಬುಧವಾರ ಸಂಜೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೈಲರ್ ಹೆಂಡತಿ ಮಕ್ಕಳ ಸಮೇತ ಬಂದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದ. ಅವನಿಗೆ ಶರ್ಟಿನ ಕಾಲರ್ ನೋಡಬೇಕಿತ್ತು. ಟೀಚರಮ್ಮ ಸೋಫಾದ ತೋಳಿನ ಮೇಲೆ, ಅಕ್ಕ ಭಾವ ನೆಲದ ಮೇಲೆ. ಅಪ್ಪ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಮಧ್ಯದ ಕುರ್ಚಿಯಲ್ಲಿ. ನಾನು ಎಲ್ಲರಿಗೂ ಕಾಫಿ ಕೊಟ್ಟು, ಇನ್ನು ತಡೆಯಲಾರದೆ ಹೇಳಿಯೇಬಿಟ್ಟೆ.

"ನೋಡಿ, ಅವರು ಟೀವಿಯಲ್ಲಿ ಬರಲ್ಲ. ಧಾರಾವಾಹಿ ಮಧ್ಯೆ ಅಲ್ಲೊಂದು ಯಂತ್ರ ಬದಲಾಗುತ್ತೆ. ಆಗ ಇಲ್ಲಿ ಏನೂ ಆಗಲ್ಲ. ಅದನ್ನೇ ನೋಡಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು.

"ಏನನ್ನ?" ಅಂದರು ಟೀಚರಮ್ಮ.

"ಏನೂ ಆಗದೇ ಇರೋದನ್ನ."

"ಅದು ದಿನಾ ಆಗುತ್ತಲ್ರೀ!"

"ದಿನಾ ಆಗೋದೂ ಇವರೇ ಮಾಡೋದು" ಅಂದೆ.

ಭಾವ ಗಡಿಯಾರ ನೋಡಿಕೊಂಡು, "ಏನೂ ಆಗದೇ ಇರೋದು ಯಾವಾಗ ಆಗುತ್ತೆ? ನನಗೆ ಬಸ್ಸಿನ ಡ್ಯೂಟಿ ಇದೆ" ಅಂದರು. ಟೈಲರ್ ಮಾತ್ರ, "ಅಕ್ಕಾವ್ರು ಇನ್ನೂ ಗುಟ್ಟು ಬಿಡ್ತಿಲ್ಲ" ಅಂತ ಹೆಂಡತಿಗೆ ಪಿಸುಗುಟ್ಟಿದ.

ಧಾರಾವಾಹಿ ಶುರುವಾಯಿತು. ಎಲ್ಲರೂ ಉಸಿರು ಬಿಗಿಹಿಡಿದು ಏನೂ ಆಗದೇ ಇರುವುದನ್ನು ಕಾದರು. ಹೀರೋಯಿನ್ ಬಾಗಿಲು ತೆರೆದರೆ ಟೈಲರ್, "ಬಂದ್ರು!" ಅಂದ. ಹಾಲಿನವನು ಬಂದ. ಫೋನ್ ಸದ್ದಾದರೆ "ಫೋನಲ್ಲಿ ಅವರೇ!" ಅಂದ. ಅಲ್ಲ. ಅಷ್ಟರಲ್ಲಿ ಮುದುಕಿಯೊಬ್ಬಳು ಹಾಸಿಗೆಯಿಂದ ತಲೆ ಎತ್ತಿ, "ನಿನ್ನ ಹೆತ್ತ ತಾಯಿ ಯಾರು ಗೊತ್ತಾ? ಅವಳೇ..." ಅಂದಳು.

ಪರದೆ ಕಪ್ಪಾಯಿತು.

ನನ್ನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಗೋದಾಮು, ಮುರಿದ ಕುರ್ಚಿ, ಎಲ್ಲ ಕಣ್ಣೆದುರು ಬಂತು. ನೋಡಲು ಬಂದವರು ಮಾತ್ರ ಅಲುಗಾಡದೆ ಕೂತೇ ಇದ್ದರು.

"ಇದೇನಾ?" ಅಂದಳು ಅಕ್ಕ ಮೆಲ್ಲಗೆ.

"ಇದೇ! ಕತ್ತಲೆ ಮಾಡಿ ಆಮೇಲೆ ಬರ್ತಾರೆ, ಹಾಗೇ ಬರೋದು!" ಅಂದ ಟೈಲರ್.

ಸ್ವಲ್ಪ ಹೊತ್ತಿನ ಮೇಲೆ ಚಿತ್ರ ಬಂತು. ಅಷ್ಟರಲ್ಲಿ ಮುದುಕಿ ಹೇಳುವುದನ್ನೆಲ್ಲ ಹೇಳಿ ಸತ್ತುಹೋಗಿದ್ದಳು. ಹೀರೋಯಿನ್ ಗೋಳಾಡುತ್ತಿದ್ದಳು. ಟೀಚರಮ್ಮ "ಅಯ್ಯೋ, ಯಾರಂತೆ?" ಅಂತ ಕೂಗಿಕೊಂಡರು. ಟೈಲರ್ "ಶರ್ಟೆಲ್ಲಿ?" ಅಂದ. ಅಪ್ಪ ಮಾತ್ರ ನಿಧಾನವಾಗಿ ಎದ್ದು ನಿಂತು, ಎಲ್ಲರನ್ನೂ ಒಂದು ಸುತ್ತು ನೋಡಿ, "ಇದು ನಮ್ಮ ಅಳಿಯಂದ್ರು ಮಾಡಿದ್ದು" ಅಂದರು. ಅವರ ದನಿಯಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅತ್ತ ಸ್ಟೇಷನ್ನಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಇವರು ಹೇಳಿದ್ದು, ಪಕ್ಕದ ಕೋಣೆಯಲ್ಲಿ ಕೂರುವ ಆಪರೇಟರಮ್ಮ ಹೇಳಿದ್ದು, ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ. ಸಾಹೇಬರ ಕೈಗೆ ಧೂಳಾಗಬಾರದು ಅಂತ ಇವರು ಆ ದಿನ ರ‍್ಯಾಕನ್ನು ಉಜ್ಜಿ ಉಜ್ಜಿ ಇಟ್ಟರಂತೆ. ಒರೆಸುವಾಗ ಬಟ್ಟೆ ಎಲ್ಲಾದರೂ ತಾಗಿ ಪೆಟ್ಟಿಗೆ ಸುಮ್ಮಸುಮ್ಮನೆ ಹೊರಳಬಾರದು, ಅದಕ್ಕೆ ಅದರ ಸ್ವಿಚ್ಚಿನ ತಿರುಪನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ ಇಡುವುದು ಪದ್ಧತಿ. ಹಾಗಿಟ್ಟರೆ ಪೆಟ್ಟಿಗೆ ತಾನಾಗಿ ಏನೂ ಮಾಡುವುದಿಲ್ಲ, ಮನುಷ್ಯ ತಿರುಗಿಸಿದರೆ ಮಾತ್ರ ಹೊರಳುತ್ತದೆ. ಒರೆಸಿಯಾದ ಮೇಲೆ ಮತ್ತೆ ಆಟೋಗೆ ಹಾಕಬೇಕು. ಹಾಕುವಷ್ಟರಲ್ಲಿ ಸಾಹೇಬರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಕೈಯಲ್ಲಿನ ಕೊಳೆ ಬಟ್ಟೆಯನ್ನು ಎಲ್ಲಿ ಬಚ್ಚಿಡುವುದು ಅನ್ನುವ ಗಡಿಬಿಡಿಯಲ್ಲಿ ಇವರು ತಿರುಪನ್ನು ಮರೆತೇಬಿಟ್ಟರು. ಮ್ಯಾನ್ಯುಯಲ್‌ನಲ್ಲಿದೆ ಅಂತ ಸಾರಲು ಅಲ್ಲೊಂದು ಹಳದಿ ದೀಪ ಉರಿಯುತ್ತದೆ. ಇವರು ಅದನ್ನು ನೋಡಿಯೂ ಇದ್ದರು. ಉಜ್ಜಿದ ಮೇಲೆ ಎಷ್ಟು ಚೆನ್ನಾಗಿ ಹೊಳೀತಿದೆ ಅಂದುಕೊಂಡರಂತೆ!

ಸಾಹೇಬರು ತೋಳು ಮಡಚಿ ಮೇನನ್ನು ಎಳೆದರು. ಗೋಡೆಯ ಮೇಲಿನ ಟೀವಿಗಳೆಲ್ಲ ಒಟ್ಟಿಗೆ ಕಪ್ಪಾದವು. ಅವರು ಅದನ್ನು ಎರಡು ಕೈಯಲ್ಲೂ, ಯಾರದೋ ಕೂಸನ್ನು ಹಿಡಿದ ಹಾಗೆ ಹಿಡಿದು ನಿಂತುಕೊಂಡು, "ಏನಾಯ್ತು?" ಅಂದರು.

ಇವರು ಅಭ್ಯಾಸಬಲದಿಂದ, "ಏನೂ ಆಗಿಲ್ಲ ಸಾರ್" ಅಂದರು.

ಇದ್ದಬದ್ದ ಫೋನುಗಳೆಲ್ಲ ಹೊಡೆದುಕೊಳ್ಳಲು ಶುರುವಾದವು. ಆಗ ಹಳದಿ ದೀಪದ ಅರ್ಥ ಇವರ ತಲೆಗೆ ಹೋಯಿತು. ಸಾಹೇಬರನ್ನು ಪಕ್ಕಕ್ಕೆ ತಳ್ಳಿ, ಕೈಯಿಂದಲೇ ತಿರುಪನ್ನು ಸ್ಟ್ಯಾಂಡ್‌ಬೈಗೆ ತಿರುಗಿಸಿದರು. ಚಿತ್ರ ಬಂತು.

ಅಷ್ಟರಲ್ಲಿ ಸಾಹೇಬರಿಗೂ ಮೇಲಿನವರ ಫೋನು ಬಂದಿತ್ತು. ಅವರು ಬೆವರು ಒರೆಸಿಕೊಳ್ಳುತ್ತಾ ಹೇಳುತ್ತಿದ್ದರಂತೆ. "ಯಂತ್ರ ಕೈಕೊಡ್ತು ಸಾರ್. ಪುಣ್ಯಕ್ಕೆ ನಮ್ಮ ಮನುಷ್ಯ ಅಲ್ಲೇ ಇದ್ರು, ಉಳಿಸಿದ್ರು. ಇಂಥ ಕಡೆ ಒಬ್ಬ ಮನುಷ್ಯ ಇರಲೇಬೇಕು ಅಂತ ನಾನು ಮೊದಲಿಂದ ಹೇಳ್ತಾನೇ ಇದ್ದೀನಿ."

ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬರುತ್ತಿದ್ದರು. ನಮ್ಮವರು ಸಾಹೇಬರ ಕೋಣೆಗೆ ಹೋಗಿ ಕೈಕಟ್ಟಿ ನಿಂತರು.

"ಸಾರ್, ತಪ್ಪು ಯಂತ್ರದ್ದಲ್ಲ, ನಂದು. ಆಟೋಗೆ ಹಾಕೋದು ಮರೆತೆ. ಹಳದಿ ದೀಪ ಉರೀತಾ ಇತ್ತು."

ಸಾಹೇಬರು ಎದ್ದು ಬಾಗಿಲು ಹಾಕಿ ಬಂದರು. "ದೀಪ ಉರೀತಾ ಇತ್ತು."

"ಹೌದು ಸಾರ್."

"ಉರೀತಾ ಇರುವಾಗ ಮೇನ್ ಎಳೆದವರು ಯಾರು?"

"...ತಾವು ಸಾರ್."

"ಯಂತ್ರ ಕೈಕೊಡ್ತು."

"ಇಲ್ಲ ಸಾರ್, ಅದು ಪಾಪ, ಅದರದ್ದೇನೂ..."

"ಯಂತ್ರ ಕೈಕೊಡ್ತು ಕಣ್ರೀ!" ಅಂತ ಸಾಹೇಬರು ಮೇಜು ಗುದ್ದಿದರು. ಇವರು ತೆಪ್ಪಗೆ ಹೊರಗೆ ಬಂದರು.

ಮನೆಗೆ ಬಂದಾಗ ಒಬ್ಬರೂ ಕದಲಿರಲಿಲ್ಲ. ಅಪ್ಪ ಎದ್ದು ಹೋಗಿ ಇವರ ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರೇ, ನಿಮ್ಮ ಕೆಲಸ ಏನು ಅಂತ ಇವತ್ತು ಕಣ್ಣಾರೆ ಕಂಡೆ. ಕತ್ತಲಾಗಿತ್ತು, ನೀವು ಬೆಳಕು ತಂದ್ರಿ."

"ಕತ್ತಲೆ ಮಾಡಿದ್ದೂ ನಾನೇ ಮಾವ" ಅಂದರು ಇವರು ಅಳುಮುಖ ಮಾಡಿಕೊಂಡು.

ಅಪ್ಪ ಎಲ್ಲರ ಕಡೆ ತಿರುಗಿ, "ಕೇಳಿದ್ರಾ? ಎರಡೂ ಇವರ ಕೈಯಲ್ಲೇ ಇದೆ!" ಅಂದರು. ಟೈಲರ್ ಚಪ್ಪಾಳೆ ತಟ್ಟಿದ.

ಅಲ್ಲಿಂದ ನಮ್ಮ ದೆಸೆಯೇ ತಿರುಗಿತು. ಗೋದಾಮಿನ ಮಾತು ನಿಂತಿತು. ಇವರಿಗೆ ಸ್ಟೂಲು ಹೋಗಿ ಕೈಯಿರುವ ಕುರ್ಚಿ ಬಂತು. ಯಂತ್ರವನ್ನು ನಂಬುವಂತಿಲ್ಲ, ಇನ್ನು ಮೇಲೆ ತಿರುಪು ಯಾವಾಗಲೂ ಮ್ಯಾನ್ಯುಯಲ್‌ನಲ್ಲೇ ಇರಬೇಕು, ಕೆಟ್ಟರೆ ಮನುಷ್ಯನೇ ಕೈಯಿಂದ ಹೊರಳಿಸಬೇಕು ಅಂತ ಸಾಹೇಬರ ಆಜ್ಞೆಯೂ ಆಯಿತು. ಬೀದಿಯಲ್ಲಿ ಇವರು ನಡೆದು ಹೋದರೆ ಜನ ನಮಸ್ಕಾರ ಹೇಳುತ್ತಿದ್ದರು. ಟೀಚರಮ್ಮ ಮಾತ್ರ ಹೆತ್ತ ತಾಯಿ ಯಾರು ಅಂತ ಕೇಳುತ್ತಲೇ ಇದ್ದರು.

ಆದರೆ ಯಂತ್ರದ ಮೇಲೆ ಸುಳ್ಳು ಅಪವಾದ ಬಂದದ್ದು ಇವರಿಗೆ ಒಳಗೊಳಗೇ ಕೊರೆಯುತ್ತಿತ್ತು. ಸಾಹೇಬರು ಅತ್ತ ಹೋದ ತಕ್ಷಣ ಇತ್ತ ತಿರುಪನ್ನು ಮೆಲ್ಲಗೆ ಆಟೋಗೆ ಹಾಕುತ್ತಿದ್ದರು. ನಡುವೆ ಎರಡು ಸಲ ಮೇನ್ ಕೆಟ್ಟಿತು. ಪೆಟ್ಟಿಗೆ ಟಕ್ ಅಂತ ಹೊರಳಿತು. ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಇವರು ಮನೆಗೆ ಬಂದು, "ಇವತ್ತು ಎಷ್ಟು ಚೆನ್ನಾಗಿ ಹೊರಳ್ತು ಗೊತ್ತೇನೇ!" ಅಂತ ನನ್ನೊಬ್ಬಳಿಗೆ ಹೇಳಿಕೊಂಡು ಖುಷಿಪಡುತ್ತಿದ್ದರು.

ತಿಂಗಳುಗಳು ಹೋದವು. ಮೊದಲು ಟೈಲರ್, "ಏನಕ್ಕಾ, ಸಾರ್ ಇತ್ತೀಚೆಗೆ ಏನೂ ಮಾಡ್ತಾ ಇಲ್ವಾ?" ಅಂದ. ಆಮೇಲೆ ಅಪ್ಪ ಫೋನಿನಲ್ಲಿ, "ಅಳಿಯಂದ್ರು ಕೆಲಸಕ್ಕೆ ಹೋಗ್ತಿದಾರೆ ತಾನೇ?" ಅಂದರು. ಕೊನೆಗೆ ಸಾಹೇಬರೇ ಇವರನ್ನು ಕರೆಸಿ, "ಯಂತ್ರ ಆಮೇಲೆ ಕೈಕೊಟ್ಟೇ ಇಲ್ವಲ್ರೀ? ಮೇಲಿನವರು ಮತ್ತೆ ಕೇಳ್ತಿದ್ದಾರೆ, ಅಲ್ಲಿ ಮನುಷ್ಯ ಯಾಕೆ ಅಂತ. ಮುಂದಿನ ವಾರ ತೀರ್ಮಾನ ಮಾಡಬೇಕು" ಅಂದರಂತೆ.

ನನಗೆ ತಡೆಯಲಾಗಲಿಲ್ಲ. "ರೀ, ಒಂದೇ ಒಂದು ಸಲ, ಸ್ವಲ್ಪ ಹೊತ್ತು ಕತ್ತಲೆ ಮಾಡಿಬಿಡಿ. ಯಾರ ಗಂಟು ಹೋಗುತ್ತೆ?" ಅಂದೆ.

ಇವರು ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿದರು. "ನಡೀತಿರೋ ಪ್ರಸಾರವನ್ನ ನಾನೇ ನಿಲ್ಲಿಸೋದಾ? ನಿನ್ನ ಬಾಯಲ್ಲಿ ಇಂಥ ಮಾತು ಬರಬಾರದಿತ್ತು ಕಣೇ" ಅಂದರು. ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ ಕಥೆಯಿಲ್ಲ. ಹೇಳಬಾರದಿತ್ತು ಅಂತ ನನಗೂ ನಾಚಿಕೆಯಾಯಿತು.

ವಾರದ ಕೊನೆಗೆ ಒಂದು ಸಂಜೆ, ಒಬ್ಬಳೇ ಕೂತು ಧಾರಾವಾಹಿ ನೋಡುತ್ತಿದ್ದೆ. ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಚಿತ್ರ ಬಂತು. ಎದುರುಮನೆಯಿಂದ ಟೈಲರ್ ಕೇಕೆ ಹಾಕಿದ್ದು ಕೇಳಿಸಿತು. ಮೇಲಿನ ಮನೆಯಲ್ಲಿ ಚಪ್ಪಾಳೆ. ಅಪ್ಪನ ಫೋನು ಬಂತು. ಅದನ್ನು ಇಡುವುದರೊಳಗೆ ಸಾಹೇಬರದೇ ಬಂತು. "ಅಮ್ಮಾ, ಅವರು ಫೋನ್ ಎತ್ತುತ್ತಿಲ್ಲ, ನೀವೇ ಹೇಳಿಬಿಡಿ. ಅವರಿಲ್ಲದಿದ್ರೆ ಇವತ್ತು ನಮ್ಮ ಗತಿ ಏನಾಗ್ತಿತ್ತು! ಆ ಹುದ್ದೆಯನ್ನ ಇನ್ಯಾರೂ ಅಲುಗಾಡಿಸೋ ಹಾಗಿಲ್ಲ" ಅಂದರು.

ಇವರು ಬಂದರು. ಚಪ್ಪಲಿಯನ್ನೂ ಬಿಡದೆ ಕುರ್ಚಿಯ ತುದಿಯಲ್ಲಿ ಕೂತರು. ಸಾಹೇಬರು ಹೇಳಿದ್ದನ್ನೆಲ್ಲ ಹೇಳಿದೆ. "ಹೂಂ" ಅಂದರು. ಅಪ್ಪ ಹೇಳಿದ್ದನ್ನೂ ಹೇಳಿದೆ. ಅದಕ್ಕೂ "ಹೂಂ."

"ಯಾವುದು ಕೆಟ್ಟಿತ್ತು ರೀ, ಮೇನಾ?" ಅಂತ ಕೇಳಿದೆ. ಕೇಳಬಾರದಿತ್ತು.

ಇವರು ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು.

"ಯಾವುದೂ ಕೆಟ್ಟಿರಲಿಲ್ಲ ಕಣೇ" ಅಂದರು. "ಎರಡೂ ಚೆನ್ನಾಗೇ ಇದ್ವು."